ರೊಕೊಕೊ ಕನ್ನಡಿಯೂ ತಳೇಗಾಂವದ ಗಾಜಿನ ಭಟ್ಟಿಯೂ

ರೊಕೊಕೊ ಶೈಲಿಯ ಕೋಣೆಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಕನ್ನಡಿ. ಗೋಡೆಯೆತ್ತರದ ಕನ್ನಡಿಗಳು, ಅವುಗಳ ಅಂಚಿಗೆ ಚಿನ್ನದ ಹಾಳೆ ಮೆತ್ತಿದ ಬಳ್ಳಿಸುರುಳಿ, ಮೂಲೆಯಲ್ಲಿ ಚಿಪ್ಪಿನ ಆಕಾರ, ಮೇಲೆ ತೂಗುವ ಗಾಜಿನ ದೀಪಗೊಂಚಲು. ಶೈಲಿಯ ಹೆಸರು ಬಂದದ್ದು ‘ರೊಕಾಯ್’ ಎಂಬ ಫ್ರೆಂಚ್ ಪದದಿಂದ. ತೋಟದ ಕೃತಕ ಗವಿಗಳಿಗೆ ಹರಳುಕಲ್ಲು, ಚಿಪ್ಪು ಅಂಟಿಸುವ ಕೆಲಸಕ್ಕೆ ಆ ಪದ ಸಲ್ಲುತ್ತಿತ್ತು. 1715ರಲ್ಲಿ ಹದಿನಾಲ್ಕನೆಯ ಲೂಯಿ ತೀರಿಕೊಂಡ ಮೇಲೆ ಫ್ರಾನ್ಸಿನ ಶ್ರೀಮಂತರು ವರ್ಸೇಲ್ಸ್ ಅರಮನೆ ಬಿಟ್ಟು ಪ್ಯಾರಿಸ್ಸಿನ ತಮ್ಮ ಮನೆಗಳಿಗೆ ಮರಳಿದರು. ದರ್ಬಾರಿನ ಗಾತ್ರದ ಸಭಾಂಗಣ ಅಲ್ಲಿ ಬೇಕಿರಲಿಲ್ಲ. ಹತ್ತು ಜನ ಕೂತು ಮಾತಾಡುವಷ್ಟು ಜಾಗ ಸಾಕಿತ್ತು. ಕೋಣೆಗಳು ಚಿಕ್ಕವಾದವು, ಮೂಲೆಗಳು ದುಂಡಾದವು, ಬಣ್ಣಗಳು ತೆಳುವಾದವು. ಜೆರ್ಮೇನ್ ಬೊಫ್ರಾಂ 1730ರ ದಶಕದಲ್ಲಿ ಸೂಬೀಸ್ ಭವನದಲ್ಲಿ ರಚಿಸಿದ ಅಂಡಾಕಾರದ ಕೋಣೆ ಈ ಶೈಲಿಯ ಮಾದರಿ. ಮ್ಯೂನಿಕ್ ಬಳಿಯ ಅಮಾಲಿಯನ್‌ಬುರ್ಗ್ ಎಂಬ ಬೇಟೆಮನೆಯಲ್ಲಿ (1734–39) ನೀಲಿ, ಬೆಳ್ಳಿ, ಕನ್ನಡಿ ಮೂರೇ ಸೇರಿ ಇಡೀ ಕೋಣೆಯನ್ನು ತುಂಬಿವೆ.

ಅಷ್ಟು ದೊಡ್ಡ ಕನ್ನಡಿಗಳ ಹಿಂದೆ ಒಂದು ಕಾರ್ಖಾನೆಯ ಕಥೆಯಿದೆ. ಅಲ್ಲಿಯವರೆಗೆ ಒಳ್ಳೆಯ ಕನ್ನಡಿ ಎಂದರೆ ವೆನಿಸ್ಸಿನದು. ಗಾಜನ್ನು ಊದಿ, ಸೀಳಿ, ಹರಡಿ ಮಾಡುತ್ತಿದ್ದುದರಿಂದ ಅದರ ಗಾತ್ರಕ್ಕೆ ಮಿತಿಯಿತ್ತು. ಫ್ರಾನ್ಸಿನ ಹಣ ವೆನಿಸ್ಸಿಗೆ ಹರಿಯುವುದನ್ನು ತಡೆಯಲು ಮಂತ್ರಿ ಕೊಲ್ಬೇರ್ 1665ರಲ್ಲಿ ರಾಜಾಶ್ರಯದ ಗಾಜಿನ ಕಂಪನಿಯೊಂದನ್ನು ನಿಲ್ಲಿಸಿದ. ಮುಂದೆ ಸೇಂಟ್ ಗೊಬೇನ್ ಎಂದು ಹೆಸರಾದದ್ದು ಅದೇ. ಆ ಶತಮಾನ ಮುಗಿಯುವ ಮೊದಲೇ ಕರಗಿದ ಗಾಜನ್ನು ಲೋಹದ ಮೇಜಿನ ಮೇಲೆ ಸುರಿದು, ಉರುಳೆಯಿಂದ ಒತ್ತಿ ಹಲಗೆ ಮಾಡುವ ಎರಕದ ವಿಧಾನ ಅಲ್ಲಿ ಕೈಗೂಡಿತು. ಆಳೆತ್ತರದ ಕನ್ನಡಿ ಸಾಧ್ಯವಾದದ್ದು ಇದರಿಂದ. ಹಿಂಬದಿಗೆ ತವರದ ಹಾಳೆ ಹಾಸಿ ಪಾದರಸ ಹರಿಸಬೇಕಿತ್ತು. ಆ ಆವಿ ಕುಡಿದ ಕೆಲಸಗಾರರ ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು. ರೊಕೊಕೊದ ಹಗುರ ನಗೆಯ ಜೊತೆಗೆ ಈ ನೋವನ್ನೂ ನೆನೆಯಬೇಕು.

ಕೊಲ್ಬೇರ್ ಹಾಕಿದ ಲೆಕ್ಕ, ಅಂದರೆ ಪರದೇಶದ ಗಾಜಿಗೆ ಹೋಗುವ ದುಡ್ಡನ್ನು ನಿಲ್ಲಿಸಬೇಕೆಂಬುದು, ಇನ್ನೂರೈವತ್ತು ವರ್ಷಗಳಾಗುವ ಹೊತ್ತಿಗೆ ಪುಣೆ ಜಿಲ್ಲೆಯ ತಳೇಗಾಂವ ದಾಭಾಡೆಯಲ್ಲಿ ಮತ್ತೆ ಕಾಣಿಸಿಕೊಂಡಿತು. ಈ ಸಲ ಹಣ ಹಾಕಿದವನು ರಾಜನಲ್ಲ.

ಊರಿಗೆ ಹೆಸರು ಕೊಟ್ಟದ್ದು ದಾಭಾಡೆ ಮನೆತನ. ಮರಾಠಾ ದೊರೆ ಶಾಹು ಮಹಾರಾಜರು ಖಂಡೇರಾವ್ ದಾಭಾಡೆಯವರಿಗೆ ಸೇನಾಪತಿ ಪದವಿ ಕೊಟ್ಟದ್ದು 1717ರಲ್ಲಿ. ಪ್ಯಾರಿಸ್ಸಿನಲ್ಲಿ ವಾತೋ ಎಂಬ ಚಿತ್ರಕಾರ ಪ್ರೇಮದ್ವೀಪದ ಯಾತ್ರೆಯ ಚಿತ್ರವನ್ನು ಕಲಾ ಅಕಾಡೆಮಿಗೆ ಒಪ್ಪಿಸಿ ರೊಕೊಕೊ ಚಿತ್ರಕಲೆಗೆ ದಾರಿ ತೆರೆದದ್ದೂ ಅದೇ ವರ್ಷ. ಕಾಲ ಒಂದೇ ಆದರೂ ರುಚಿ ಬೇರೆ. ಮರಾಠಾ ಸರದಾರರ ವಾಡೆಗಳಲ್ಲಿ ಅಲಂಕಾರವೆಲ್ಲ ಮರದ ಮೇಲೆ: ಸುರು ಮರದ ಆಕಾರದ ಕಂಬ, ಬಾಳೆಹೂವಿನ ಬೋದಿಗೆ. ಬೆಳಕು ಬರುತ್ತಿದ್ದುದು ನಡುವಿನ ತೆರೆದ ಚೌಕದಿಂದ.

ಯುರೋಪಿನ ಬಿಲೋರಿ ಗಾಜು ಭಾರತದ ಅರಮನೆಗಳನ್ನು ತುಂಬಿದ್ದು 19ನೆಯ ಶತಮಾನದಲ್ಲಿ, ಯುರೋಪಿನಲ್ಲಿ ರೊಕೊಕೊ ಹಳತಾಗಿ ಮತ್ತೆ ಫ್ಯಾಷನ್ ಆಗಿದ್ದ ಹೊತ್ತಿಗೆ. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿ ಕಲ್ಕತ್ತೆಯಲ್ಲೇ ಅಂಗಡಿ ತೆರೆದು ರಾಜರಿಗೆ ಝುಂಬರುಗಳನ್ನು ಒದಗಿಸುತ್ತಿತ್ತು. ಮೈಸೂರು ಅರಮನೆಯ ಕಲ್ಯಾಣಮಂಟಪದ ನವಿಲಿನ ಬಣ್ಣಗಾಜು ಬಂದದ್ದೂ ಗ್ಲಾಸ್ಗೋದಿಂದ. ಅರಮನೆಯ ಗಾಜಿಗಿಂತ ಹೆಚ್ಚು ಹಣ ಹೊರಗೆ ಹೋಗುತ್ತಿದ್ದುದು ಬಡವರ ಗಾಜಿಗೆ: ಚಿಮಣಿ ದೀಪದ ಬುರುಡೆ, ಕಂದೀಲಿನ ಗಾಜು, ಔಷಧದ ಬಾಟಲಿ, ಬಳೆ. ಕನ್ನಡ ನಾಡಿನಲ್ಲಿ ಗಾಜಿನ ಕಸುಬು ಇರಲಿಲ್ಲವೆಂದಲ್ಲ. ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಚೌಳುಮಣ್ಣಿನಿಂದ ಬಳೆಗಾಜು ಕಾಯಿಸುತ್ತಿದ್ದುದನ್ನು ಟಿಪ್ಪು ಮಡಿದ ಒಂದೆರಡು ವರ್ಷದಲ್ಲೇ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ಆ ಗಾಜು ಬಳೆಗೆ ಸಾಕು, ತಿಳಿಯಾದ ದೀಪದ ಗಾಜಿಗೆ ಸಾಲದು. ಬೊಹೀಮಿಯದ ಅಗ್ಗದ ಬಳೆ ಬಂದ ಮೇಲೆ ಅದೂ ಸೊರಗಿತು.

20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಂತಾಜಿ ದಾಮೋದರ ಕಾಳೆ ಎಂಬವರು ‘ಪೈಸಾ ಫಂಡ್’ ಎಂಬ ಯೋಜನೆ ಹಿಡಿದು ಊರೂರು ಸುತ್ತಿದರು. ಪ್ರತಿಯೊಬ್ಬ ಭಾರತೀಯ ವರ್ಷಕ್ಕೆ ಒಂದು ಪೈಸೆ ಕೊಡಲಿ, ಆ ಹಣದಿಂದ ದೇಶಿ ಉದ್ಯಮ ನಿಲ್ಲಲಿ ಎಂಬುದು ಅವರ ಬೇಡಿಕೆ. ರೂಪಾಯಿಗೆ 64 ಪೈಸೆಯಿದ್ದ ಕಾಲ ಅದು. ಒಂದು ಲಕ್ಷ ಜನ ಕೊಟ್ಟರೂ ಕೂಡುತ್ತಿದ್ದುದು 1,562 ರೂಪಾಯಿ ಎಂಟಾಣೆ. ಆದರೂ ಕೊಡಲಾರೆ ಎನ್ನುವಂತಿಲ್ಲದ ಮೊತ್ತವಾದ್ದರಿಂದ ಕೂಲಿಯವನೂ ಇದರಲ್ಲಿ ಪಾಲುದಾರನಾಗಬಹುದಿತ್ತು. ಯೋಜನೆಯ ಹಿರಿಮೆ ಅಲ್ಲಿದೆ. ಬಾಲ ಗಂಗಾಧರ ತಿಲಕರು ತಮ್ಮ ‘ಕೇಸರಿ’ ಪತ್ರಿಕೆಯ ಬಲವನ್ನು ಅದರ ಬೆನ್ನಿಗೆ ನಿಲ್ಲಿಸಿದರು. 1905ರ ಸ್ವದೇಶಿ ಚಳವಳಿ ಹಬ್ಬಿದಂತೆ ಕೂಡಿದ ಪೈಸೆಗಳಿಂದ ಏನು ಮಾಡಬೇಕೆಂಬ ಪ್ರಶ್ನೆಗೆ ಗಾಜು ಎಂಬ ಉತ್ತರ ಸಿಕ್ಕಿತು. ತಳೇಗಾಂವ ಪುಣೆ–ಮುಂಬಯಿ ರೈಲುದಾರಿಯ ಮೇಲಿದ್ದುದರಿಂದ ಕಲ್ಲಿದ್ದಲು, ಮರಳು ತರಿಸಲು, ಒಡೆಯುವ ಸರಕು ಕಳಿಸಲು ಅನುಕೂಲವಿತ್ತು. ಪೈಸಾ ಫಂಡ್ ಗಾಜಿನ ಕಾರ್ಖಾನೆ 1908ರಲ್ಲಿ ಅಲ್ಲಿ ಶುರುವಾಯಿತು. ಅದೇ ವರ್ಷ ಜೂನ್‌ನಲ್ಲಿ ತಿಲಕರ ಬಂಧನವಾಗಿ, ಆರು ವರ್ಷದ ಶಿಕ್ಷೆ ಅನುಭವಿಸಲು ಅವರು ಮಂಡಾಲೆಗೆ ಹೋಗಬೇಕಾಯಿತು. ವಿಷ್ಣು ಗೋವಿಂದ ವಿಜಾಪುರಕರ ಅವರ ರಾಷ್ಟ್ರೀಯ ಶಾಲೆಯಾದ ಸಮರ್ಥ ವಿದ್ಯಾಲಯವೂ ಇದೇ ಊರಿನಲ್ಲಿತ್ತು. ಸರ್ಕಾರ 1910ರಲ್ಲಿ ಅದನ್ನು ಮುಚ್ಚಿಸಿತು. ಗಾಜಿನ ಭಟ್ಟಿ ಆರಲಿಲ್ಲ.

ಭಟ್ಟಿಯ ಹೊಣೆ ಹೊತ್ತವರು ಈಶ್ವರದಾಸ ವಾರ್ಷ್ಣೇಯ. ಜಪಾನಿಗೂ ಆಮೇಲೆ ಅಮೆರಿಕಕ್ಕೂ ಹೋಗಿ ಗಾಜಿನ ವಿದ್ಯೆ ಕಲಿತು ಬಂದವರು. ಅದಕ್ಕೂ ಮೊದಲು ದೇಶದಲ್ಲಿ ತೆರೆದ ಹಲವು ಗಾಜಿನ ಕಾರ್ಖಾನೆಗಳು ಯುರೋಪಿನ ಕುಶಲರನ್ನು ದುಬಾರಿ ಸಂಬಳಕ್ಕೆ ಕರೆತಂದು, ಅವರು ಹೋದೊಡನೆ ಬಾಗಿಲು ಹಾಕಿದ್ದವು. ತಳೇಗಾಂವ ಈ ತಪ್ಪಿನಿಂದ ಪಾಠ ಕಲಿತು, ಕಾರ್ಖಾನೆಯನ್ನೇ ಶಾಲೆಯಾಗಿ ಮಾಡಿಕೊಂಡಿತು. ಕಲಿಯಬೇಕಾದದ್ದು ಬಹಳವಿತ್ತು. ಮರಳು, ಸೋಡಾ, ಸುಣ್ಣಗಳ ಪಾಕ ಮೂಸೆಯಲ್ಲಿ ಸುಮಾರು 1,400 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಬೇಕು. ಮರಳಿನಲ್ಲಿ ಕಬ್ಬಿಣದ ಅಂಶ ಕೊಂಚ ಇದ್ದರೂ ಗಾಜು ಹಸಿರಾಗುತ್ತದೆ. ಅದನ್ನು ಅಳಿಸಲು ಮ್ಯಾಂಗನೀಸ್ ಹಾಕಿದರೆ, ತುಸು ಹೆಚ್ಚಾದರೂ ನೇರಳೆ ಛಾಯೆ. ಊದುಗೊಳವೆಯ ತುದಿಗೆ ಪಾಕವನ್ನು ಸುತ್ತಿಕೊಂಡವನು ಉಸಿರು, ತಿರುವು ಎರಡನ್ನೂ ಒಂದೇ ಲಯದಲ್ಲಿ ಹಿಡಿಯಬೇಕು. ಊದಿ ಮುಗಿಸಿದ ಬುರುಡೆಯನ್ನು ಹದವಾಗಿ, ನಿಧಾನವಾಗಿ ಆರಿಸದಿದ್ದರೆ ಒಳಗೆ ಬಿಗಿತ ಉಳಿದು, ದೀಪ ಹಚ್ಚಿದ ಮೊದಲ ಸಂಜೆಯೇ ಸಿಡಿಯುತ್ತದೆ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಹೀಗೆ ತಯಾರಾದದ್ದು ಬಳ್ಳಿಸುರುಳಿಯಿಲ್ಲದ, ಹೊನ್ನಿನ ಅಂಚಿಲ್ಲದ ಸಾದಾ ಗಾಜು. 1914ರಲ್ಲಿ ಯುದ್ಧ ಶುರುವಾಗಿ ಜರ್ಮನಿ, ಆಸ್ಟ್ರಿಯಗಳ ಮಾಲು ನಿಂತಾಗ ದೇಶಿ ಗಾಜಿಗೆ ಒಮ್ಮೆಲೇ ಬೇಡಿಕೆ ಬಂತು. ಜಪಾನಿನ ಅಗ್ಗದ ಸರಕು ಅದರ ಬೆನ್ನಿಗೇ ಬಂದು ಪೈಪೋಟಿ ಒಡ್ಡಿತು. ತಳೇಗಾಂವದಲ್ಲಿ ಕೈ ಪಳಗಿಸಿಕೊಂಡವರು ಬೇರೆ ಬೇರೆ ಪ್ರಾಂತಗಳ ಭಟ್ಟಿಗಳಿಗೆ ಹೋಗಿ ಸೇರಿಕೊಂಡರು. ಓಗಲೆ ಸೋದರರು 1916ರಲ್ಲಿ ಔಂಧ್ ಸಂಸ್ಥಾನದಲ್ಲಿ, ಕರಾಡದ ಹತ್ತಿರ ಗಾಜಿನ ಕಾರ್ಖಾನೆ ಕಟ್ಟಿದರು. ಅವರ ಹೆಸರಿನ ಓಗಲೆವಾಡಿಯ ‘ಪ್ರಭಾಕರ’ ಕಂದೀಲು ಮುಂದೆ ಮನೆಮಾತಾಯಿತು. ವಾರ್ಷ್ಣೇಯರು ಉತ್ತರ ಭಾರತಕ್ಕೆ ಮರಳಿ ಬಹಜೋಯಿಯಲ್ಲಿ ಸ್ವಂತ ಕಾರ್ಖಾನೆ ಕಟ್ಟಿದರು. ಚಿಮಣಿ ದೀಪದ ಗಾಜಿನಿಂದ ಹೊರಟ ಕಸುಬು ಅಲ್ಲಿ ಕಿಟಕಿಗೆ ಕೂರಿಸುವ ಹಲಗೆ-ಗಾಜಿನವರೆಗೂ ಬೆಳೆಯಿತು.