ವೈಫೈ ಡ್ರೈವರ್: ಯಾವುದು ಎಲ್ಲರ ಕೆಲಸ, ಯಾವುದು ಕಂಪನಿಯ ಕೆಲಸ?

2004ರ ಹೊತ್ತಿಗೆ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಸಾಮಾನ್ಯವಾಗತೊಡಗಿತ್ತು. ಲಿನಕ್ಸ್ ಬಳಸುವವರಿಗೆ ಮಾತ್ರ ಅದು ತಲೆನೋವಾಗಿತ್ತು. ಪ್ರತಿ ಕಂಪನಿಯ ಚಿಪ್ಪಿಗೂ ಬೇರೆ ಡ್ರೈವರ್ ಬೇಕಾಗುವುದು ಸಹಜ. ಆದರೆ ಆ ಡ್ರೈವರ್‌ಗಳು ಚಿಪ್ಪಿನ ಕೆಲಸವನ್ನಷ್ಟೇ ಮಾಡುತ್ತಿರಲಿಲ್ಲ. ಸುತ್ತಲಿನ ನೆಟ್‌ವರ್ಕ್ ಹುಡುಕುವುದು, ಸೇರಿಕೊಳ್ಳಲು ಅನುಮತಿ ಕೇಳುವುದು, ವೇಗ ಹೊಂದಿಸುವುದು ಮುಂತಾದ ನಿಯಮಗಳು ಎಲ್ಲ ಕಂಪನಿಗಳಿಗೂ ಒಂದೇ. ಆದರೂ ಹಲವು ಡ್ರೈವರ್‌ಗಳು ಅವನ್ನು ತಮ್ಮದೇ ರೀತಿಯಲ್ಲಿ ಹೊತ್ತುಕೊಂಡಿದ್ದವು. ಒಂದು ಡ್ರೈವರ್‌ನಲ್ಲಿ ಸರಿಪಡಿಸಿದ ತಪ್ಪು ಇನ್ನೊಂದರಲ್ಲಿ ಹಾಗೇ ಉಳಿಯುತ್ತಿತ್ತು.

ಮೊದಲ ಸಾಮಾನ್ಯ ಚೌಕಟ್ಟು ಬಂದದ್ದು 2005ರಲ್ಲಿ, ಕರ್ನಲ್‌ನ 2.6.14 ಆವೃತ್ತಿಯಲ್ಲಿ. ಯೌನಿ ಮಾಲಿನೆನ್ ಅವರ ಹೋಸ್ಟ್ ಎಪಿ ಡ್ರೈವರ್‌ನ ಕೋಡ್ ಆಧರಿಸಿ ಇಂಟೆಲ್ ತನ್ನ ಕಾರ್ಡ್‌ಗಳಿಗಾಗಿ ಅದನ್ನು ರೂಪಿಸಿತ್ತು. ಆ ಕಾರ್ಡ್‌ಗಳು ಬಹುಪಾಲು ನಿರ್ವಹಣೆಯನ್ನು ತಮ್ಮ ಫರ್ಮ್‌ವೇರ್‌ನಲ್ಲೇ ಮಾಡುತ್ತಿದ್ದುದರಿಂದ ಚೌಕಟ್ಟು ತೆಳುವಾಗಿತ್ತು. ಎಲ್ಲವನ್ನೂ ಕಂಪ್ಯೂಟರಿಗೇ ಬಿಡುವ ಅಗ್ಗದ ಚಿಪ್‌ಗಳಿಗೆ ಅದು ಸಾಲಲಿಲ್ಲ.

ಡಿವೈಸ್‌ಸ್ಕೇಪ್ ಎಂಬ ಕಂಪನಿ ತನ್ನ ವೈಫೈ ತಂತ್ರಾಂಶವನ್ನು ಮುಕ್ತ ಪರವಾನಗಿಯಡಿ ಕೊಟ್ಟಿತು. ಯಿರ್ಜಿ ಬೆಂಟ್ಸ್ ಮತ್ತಿತರರು ಅದನ್ನು ತಿದ್ದಿದ ಮೇಲೆ, 2007ರ ಜುಲೈಯಲ್ಲಿ ಅದು ಮ್ಯಾಕ್80211 ಎಂಬ ಹೆಸರಿನಲ್ಲಿ ಕರ್ನಲ್ ಸೇರಿತು. ಊರ ಕೆರೆಯ ತೂಬು ಊರಿಗೆಲ್ಲ ಸೇರಿದ್ದು, ಬದುವಿನಿಂದ ಒಳಗೆ ನೀರು ಹರಿಸುವುದು ಆಯಾ ರೈತನ ಹೊಣೆ. ಇಲ್ಲೂ ಹಾಗೆಯೇ ಗಡಿ ಹಾಕಲಾಯಿತು. ವೈಫೈ ಮಾನದಂಡದ ನಿಯಮಗಳು ಚೌಕಟ್ಟಿನ ಪಾಲಾದವು. ಚಿಪ್ಪಿಗೆ ಫರ್ಮ್‌ವೇರ್ ತುಂಬುವುದು, ಚಾನೆಲ್ ಬದಲಿಸುವುದು, ಪ್ಯಾಕೆಟ್ ಕಳಿಸಿ ಪಡೆಯುವುದು ಡ್ರೈವರ್‌ನ ಪಾಲಿಗೆ ಉಳಿದವು. ನಿರ್ವಹಣೆಯನ್ನು ತಾವೇ ಮಾಡಿಕೊಳ್ಳುವ ಚಿಪ್‌ಗಳಿಗೆಂದು ಇನ್ನೊಂದು ತೆಳು ಪದರವೂ ಇತ್ತು. ಅದು ಸಿಎಫ್‌ಜಿ80211. ಬಳಕೆದಾರನ ಆದೇಶಗಳು ಎರಡೂ ಬಗೆಯ ಚಿಪ್‌ಗಳಿಗೆ ಅದರ ಮೂಲಕವೇ ಹೋಗುವಂತಾಯಿತು.

ಈ ಹಂಚಿಕೆಯ ಬೆಲೆ ತಿಳಿದದ್ದು ಹತ್ತು ವರ್ಷಗಳ ನಂತರ. 2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಸಂಶೋಧಕ ಮಾಥಿ ವಾನ್‌ಹೂಫ್ 'ಕ್ರ್ಯಾಕ್' ದೋಷವನ್ನು ಬಯಲಿಗೆ ತಂದರು. ಬಳಕೆಯಲ್ಲಿರುವ ಕೀಲಿಯನ್ನೇ ಮತ್ತೆ ಹಾಕಿಸಿ ರಕ್ಷಣೆ ಮುರಿಯುವ ತಂತ್ರ ಅದು. ಅದೇ ಕೀಲಿ ಮರಳಿ ಬಂದರೆ ಏನನ್ನೂ ಬದಲಿಸಬೇಡ ಎಂಬ ಸಣ್ಣ ತಿದ್ದುಪಡಿ ಮ್ಯಾಕ್80211ಗೆ ಬಿತ್ತು. ಆ ಚೌಕಟ್ಟನ್ನು ಅವಲಂಬಿಸಿದ ಡ್ರೈವರ್‌ಗಳಿಗೆಲ್ಲ ಅದರ ಲಾಭ ದೊರೆಯಿತು. ಕೀಲಿಯ ಕೆಲಸವನ್ನು ಫರ್ಮ್‌ವೇರ್‌ನೊಳಗೇ ಮುಗಿಸುವ ಚಿಪ್‌ಗಳಿಗೆ ಆ ತಿದ್ದುಪಡಿ ತಲುಪುವ ದಾರಿಯೇ ಇರಲಿಲ್ಲ.

2021ರ ಮೇಯಲ್ಲಿ ವಾನ್‌ಹೂಫ್ 'ಫ್ರ್ಯಾಗ್‌ಅಟ್ಯಾಕ್ಸ್' ದೋಷಗಳನ್ನು ಪ್ರಕಟಿಸಿದಾಗ ಗಡಿ ಇನ್ನಷ್ಟು ಸ್ಪಷ್ಟವಾಗಿ ಕಂಡಿತು. ಚೌಕಟ್ಟನ್ನು ತಿದ್ದಿದ್ದು ಸಾಲಲಿಲ್ಲ. ಎಥ್10ಕೆ, ಎಥ್11ಕೆ ಡ್ರೈವರ್‌ಗಳಿಗೆ ಪ್ರತ್ಯೇಕ ತಿದ್ದುಪಡಿಗಳೇ ಬೇಕಾದವು.

ಹಳೆಯ ಫೋನಿನ ಅಥವಾ ರೂಟರಿನ ವೈಫೈ ಸುರಕ್ಷಿತವೇ ಎಂಬ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ದೋಷ ಚೌಕಟ್ಟಿನಲ್ಲಿದ್ದರೆ ಅದನ್ನು ಯಾರು ಬೇಕಾದರೂ ತಿದ್ದಬಹುದು, ಆದರೂ ಆ ತಿದ್ದುಪಡಿಯನ್ನು ಸಾಧನಕ್ಕೆ ತಲುಪಿಸುವವರು ಬೇಕು. ಕಂಪನಿಯ ಫರ್ಮ್‌ವೇರ್‌ನಲ್ಲಿದ್ದರೆ, ಆ ಕಂಪನಿ ಇನ್ನೂ ಆ ಚಿಪ್ಪನ್ನು ನೋಡಿಕೊಳ್ಳುತ್ತಿರಬೇಕು.