ಓದಿ ಸವಿದ ಗಾಲ್ಫ್

ಗಾಲ್ಫ್ ದಾಂಡನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದ ನನಗೆ ಆ ಆಟದ ರುಚಿ ಹತ್ತಿದ್ದು ಪುಸ್ತಕಗಳಿಂದ. ಹಾಡಲು ಬಾರದವನು ಲಕ್ಷಣಗ್ರಂಥ ಓದಿ ತಲೆದೂಗಿದಂತಾಯಿತು ಎಂದು ತಾವು ನಗಬಹುದು. ಆದರೆ ಒಳ್ಳೆಯ ಗದ್ಯವನ್ನು ಪಡೆದು ಬಂದ ಆಟಗಳಲ್ಲಿ ಕ್ರಿಕೆಟ್ಟನ್ನು ಬಿಟ್ಟರೆ ಇದೇ ಎಂದು ನನ್ನ ಎಣಿಕೆ.

ಬರಹದ ಲೋಕಕ್ಕೆ ಗಾಲ್ಫ್ ಬಂದದ್ದು ಅಪರಾಧಿಯಾಗಿ. ಪ್ರಜೆಗಳು ಬಿಲ್ಲುಗಾರಿಕೆಯ ಅಭ್ಯಾಸ ಬಿಡಬಾರದೆಂದು 1457ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಅದನ್ನು ನಿಷೇಧಿಸಿತು. 1502ರಲ್ಲಿ ದೊರೆ ನಾಲ್ಕನೆಯ ಜೇಮ್ಸನೇ ದಾಂಡುಗಳನ್ನು ಕೊಂಡದ್ದು ಅರಮನೆಯ ಲೆಕ್ಕಪತ್ರದಲ್ಲಿದೆ. ಮಾರಿದವನು ಪರ್ತ್ ಪಟ್ಟಣದ ಬಿಲ್ಲು ಮಾಡುವವನು! ಅಲ್ಲಿಗೆ ಆ ಶಾಸನದ ಕಥೆ ಮುಗಿಯಿತೆನ್ನಬೇಕು.

1743ರಲ್ಲಿ ಥಾಮಸ್ ಮ್ಯಾಥಿಸನ್ ಎಂಬಾತ ಎಡಿನ್‌ಬರೋದಲ್ಲಿ 'ದಿ ಗಾಫ್' ಎಂಬ ಅಣಕು ವೀರಕಾವ್ಯವನ್ನು ಅಚ್ಚು ಹಾಕಿಸಿದ. ಗಾಲ್ಫಿಗೆಂದೇ ಮೀಸಲಾಗಿ ಮುದ್ರಣವಾದ ಮೊದಲ ಪುಸ್ತಕ ಅದು. ಇಂದು ನಮಗೆ ಉಳಿದಿರುವ ಅತ್ಯಂತ ಹಳೆಯ ನಿಯಮಾವಳಿ, ಲೀತ್‌ನ ಹದಿಮೂರು ನಿಯಮಗಳು, ಮರುವರ್ಷದ್ದು. ಲಕ್ಷ್ಯ ಮೊದಲು, ಲಕ್ಷಣ ಆಮೇಲೆ. ಕನ್ನಡ ಮೇಷ್ಟರಿಗೆ ಇದಕ್ಕಿಂತ ಹಿತವಾದ ಕ್ರಮ ಬೇರೆ ಯಾವುದು?

ಆಗಿನ ಚೆಂಡು ತೊಗಲಿನದು. ಬೇಯಿಸಿದ ಹಕ್ಕಿಗರಿಗಳನ್ನು ಅದರೊಳಗೆ ಇಡುಕಿರಿದು ತುಂಬಿ ಹೊಲಿಯುತ್ತಿದ್ದರು. ಒಣಗಿದಾಗ ತೊಗಲು ಬಿಗಿಯುತ್ತಿತ್ತು, ಗರಿ ಹಿಗ್ಗುತ್ತಿತ್ತು, ಚೆಂಡು ಕಲ್ಲಾಗುತ್ತಿತ್ತು. ನುರಿತ ಕೈಗೂ ದಿನಕ್ಕೆ ಮೂರೋ ನಾಲ್ಕೋ ಆದರೆ ಹೆಚ್ಚು. 1848ರ ಸುಮಾರಿಗೆ ಗಟಾಪರ್ಚಾ ಎಂಬ ಮರದ ಹಾಲಿನ ಅಗ್ಗದ ಚೆಂಡು ಬಂದು ಆ ಕಸುಬನ್ನೇ ಅಳಿಸಿತು. ಹೊಡೆದವರ ಹೆಸರುಗಳು ಪುಟಪುಟದಲ್ಲಿವೆ; ಗರಿ ತುಂಬಿದವರನ್ನೂ ಚೀಲ ಹೊತ್ತವರನ್ನೂ ಹುಡುಕಿ ತೆಗೆಯಬೇಕು. ಓದುವಾಗ ನನ್ನನ್ನು ಕಾಡುವುದು ಇದೇ.

ಈ ಕೊರತೆಯನ್ನು ಒಂದಿಷ್ಟು ತುಂಬಿದ ಪ್ರಸಂಗಕ್ಕೆ ಸಾಕ್ಷಿಯಾಗಿದ್ದವನು ಬರ್ನಾರ್ಡ್ ಡಾರ್ವಿನ್. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ಮೊಮ್ಮಗ. ಹುಟ್ಟಿದ್ದು 1876ರಲ್ಲಿ, ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ಬೂ ಅದೇ ವರ್ಷದ್ದು. ವಕೀಲಿ ಬಿಟ್ಟು 1907ರಿಂದ 1953ರವರೆಗೆ 'ದಿ ಟೈಮ್ಸ್' ಪತ್ರಿಕೆಗೆ ಗಾಲ್ಫ್ ಕುರಿತು ಬರೆದ. ವುಡ್‌ಹೌಸನ ಗಾಲ್ಫ್ ಕಥೆಗಳು ನಗಿಸುತ್ತವೆ. ಡಾರ್ವಿನ್ ಮೈದಾನದ ಗಾಳಿಯನ್ನೇ ಪುಟಕ್ಕೆ ತರುತ್ತಾನೆ.

1913ರಲ್ಲಿ ಅಮೆರಿಕದ ಬ್ರೂಕ್‌ಲೈನಿನಲ್ಲಿ ಯು.ಎಸ್. ಓಪನ್ ಪಂದ್ಯ. ಇಪ್ಪತ್ತು ವರ್ಷದ ಫ್ರಾನ್ಸಿಸ್ ವೀಮೆ ಹಿಂದೆ ಅದೇ ಮೈದಾನದಲ್ಲಿ ಚೀಲ ಹೊತ್ತ ಹುಡುಗ. ಮನೆ ರಸ್ತೆಯ ಆಚೆ ಬದಿಗೆ. ಬ್ರಿಟನ್ನಿನ ಮಹಾರಥಿಗಳಾದ ಹ್ಯಾರಿ ವಾರ್ಡನ್, ಟೆಡ್ ರೇ ಇಬ್ಬರಿಗೂ ಅವನು ಸಮನಾಗಿ ನಿಂತ. ನಿರ್ಣಾಯಕ ಸುತ್ತಿನಲ್ಲಿ ವೀಮೆಗೆ 72 ಹೊಡೆತ, ವಾರ್ಡನ್ನನಿಗೆ 77, ರೇಗೆ 78. ವೀಮೆಯ ಲೆಕ್ಕದ ಚೀಟಿ ಹಿಡಿದಿದ್ದವನು ಡಾರ್ವಿನ್. ತನ್ನ ನಾಡಿನವರ ಸೋಲನ್ನು ತನ್ನ ಕೈಯಾರೆ ಬರೆದುಕೊಂಡ.

ಅಂದು ವೀಮೆಯ ಚೀಲ ಹೊತ್ತವನು ಹತ್ತು ವರ್ಷದ ಎಡ್ಡಿ ಲೋರಿ. ಇಷ್ಟು ದೊಡ್ಡ ಪಂದ್ಯಕ್ಕೆ ಈ ಪೋರನೇಕೆ, ನಾನು ಹೊರುತ್ತೇನೆ ಎಂದು ಹಿರಿಯನೊಬ್ಬ ಮುಂದೆ ಬಂದ. ಎಡ್ಡಿಯನ್ನೇ ಕೇಳಿ ಎಂದ ವೀಮೆ. ಹುಡುಗನ ಕಣ್ಣು ತುಂಬಿ ಬಂತು. ಚೀಲ ಮಾತ್ರ ಬಿಡಲಿಲ್ಲ.