ಮಾನವತಾವಾದಿ ಶಿಕ್ಷಣ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ

ಮನುಷ್ಯನ ಘನತೆಯನ್ನು ನಡುವೆ ಇಟ್ಟುಕೊಂಡು, ಹಳೆಯ ಗ್ರಂಥಗಳನ್ನು ಹುಡುಕಿ ಓದಿ, ಅದರಿಂದ ಇಂದಿನ ಬದುಕನ್ನು ತಿದ್ದಿಕೊಳ್ಳುವ ಕಲಿಕೆಗೆ ಮಾನವತಾವಾದಿ ಶಿಕ್ಷಣವೆಂದು ಹೆಸರು. ಯುರೋಪಿನ ಪುನರುಜ್ಜೀವನ ಕಾಲದಲ್ಲಿ ಇದಕ್ಕೆ ಮಾದರಿಯಾದದ್ದು ಇಟಲಿಯ ಮಾಂತುವಾ ಪಟ್ಟಣದ ಶಾಲೆ. 1423ರಿಂದ ವಿತ್ತೊರಿನೊ ದ ಫೆಲ್ತ್ರೆ ಅಲ್ಲಿ ಅರಸುಮಕ್ಕಳ ಸಾಲಿನಲ್ಲೇ ಬಡವರ ಮಕ್ಕಳನ್ನೂ ಕೂಡಿಸಿ ಓದಿಸಿದ. ಆದರೆ ಇಟಲಿಯ ಆ ಕಾಲದ ಪಂಡಿತರು ಮರಳಿದ್ದು ಲ್ಯಾಟಿನ್, ಗ್ರೀಕ್‌ಗಳ ಕಡೆಗೆ. ವಿಜಯಪುರ ಜಿಲ್ಲೆಯ ಈ ತಾಲೂಕುಗಳಲ್ಲಿ ವಿದ್ಯೆ ತಾಯ್ನುಡಿಯ ಕಡೆಗೆ ಹೊರಳಿತು. ಈ ಸೀಮೆಯ ಹೆಚ್ಚುಗಾರಿಕೆ ಅದೇ.

ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯನ್ನು ಕ್ರಿ.ಶ. 945ರ ಶಾಸನ ವರ್ಣಿಸುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳಿದ್ದವು. ದೀಪದೆಣ್ಣೆಗೇ 12 ನಿವರ್ತನ (ಆಗಿನ ನೆಲದ ಅಳತೆ) ಭೂಮಿ ಬಿಟ್ಟಿದ್ದರು. ಮದುವೆ, ಮುಂಜಿ, ಚೌಲಗಳಾದಾಗ ಊರವರು ಶಾಲೆಗೆ ಹಣ ಸಲ್ಲಿಸಬೇಕೆಂಬ ಕಟ್ಟಳೆಯೂ ಇತ್ತು. ಊರಿನ ಹಳೆಯ ಹೆಸರು ಪಾವಿಟ್ಟಗೆ. ಶಾಲೆ ಸೇರಿ ಸಾಲೋಟಗಿಯಾಯಿತು ಎನ್ನುತ್ತಾರೆ. ಇಷ್ಟಾದರೂ ಅದು ಸಂಸ್ಕೃತದ ಶಾಲೆ, ಎಲ್ಲರ ಮಕ್ಕಳಿಗೆ ತೆರೆದದ್ದಲ್ಲ.

ಆ ಬಾಗಿಲು ತೆರೆದದ್ದು 12ನೆಯ ಶತಮಾನದಲ್ಲಿ. ಬಾಗೇವಾಡಿಯ ಬಸವಣ್ಣನವರು ಮತ್ತು ಅವರ ಸಂಗಡಿಗರು ಅರಿವಿನ ಮಾತನ್ನು ಆಡುಗನ್ನಡಕ್ಕೆ ತಂದರು. ಅಂಬಿಗ, ಮಡಿವಾಳ, ಹಡಪದ, ಕಸಗುಡಿಸುವ ಹೆಣ್ಣುಮಗಳು ಎಲ್ಲರೂ ತಮ್ಮ ಕಾಯಕದ ಮಾತಿನಲ್ಲೇ ವಚನ ನುಡಿದರು. ಮುದ್ದೇಬಿಹಾಳ ತಾಲೂಕಿನ ತಂಗಡಗಿ, ಕೃಷ್ಣೆಯ ದಡದಲ್ಲಿ, ಬಸವಣ್ಣನವರ ಮಡದಿ, ಶರಣೆ ನೀಲಾಂಬಿಕೆಯ ನೆನಪಿನ ಊರು.

ವಚನಗಳ ಓಲೆಗರಿಗಳು ಮಠಗಳಲ್ಲಿ, ಮನೆಗಳ ಅಟ್ಟದಲ್ಲಿ ಹುಳು ಹಿಡಿಯುತ್ತಿದ್ದಾಗ ಅವನ್ನು ಬದುಕಿಸಿದವರು ವಿಜಯಪುರದ ವಕೀಲ ಫ. ಗು. ಹಳಕಟ್ಟಿ (1880–1964). ಊರೂರು ಅಲೆದು ಹಸ್ತಪ್ರತಿ ಕೂಡಿಸಿದರು, ಪಾಠ ಹೋಲಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಇಟಲಿಯಲ್ಲಿ ಹಸ್ತಪ್ರತಿ ಹುಡುಕುವವ ಒಬ್ಬ, ಅಚ್ಚುಹಾಕುವವ ಇನ್ನೊಬ್ಬ, ಕಲಿಸುವವ ಮತ್ತೊಬ್ಬ. ಇಲ್ಲಿ ಮೂರೂ ಹೊರೆ ಒಬ್ಬರ ಹೆಗಲ ಮೇಲಿತ್ತು. 1910ರಲ್ಲೇ ಅವರು ಕಟ್ಟಿದ ಬಿಎಲ್‌ಡಿಇ ಶಿಕ್ಷಣ ಸಂಸ್ಥೆಯನ್ನು ಮುಂದೆ ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಬೆಳೆಸಿದರು.

ಭೀಮಾತೀರದ ಹಲಸಂಗಿ ಆಗ ಇಂಡಿ ತಾಲೂಕಿನ ಹಳ್ಳಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಅಲ್ಲಿ ಗೆಳೆಯರ ಗುಂಪು ಕಟ್ಟಿ, ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1931ರ ‘ಗರತಿಯ ಹಾಡು’ ಆ ದುಡಿಮೆಯ ಫಲ. ಅಕ್ಷರ ಕಲಿಯದ ತಾಯಂದಿರನ್ನು ಕವಿಗಳೆಂದು ಒಪ್ಪಿದ ಈ ಪುಸ್ತಕ ಕನ್ನಡದ ವಿದ್ಯೆಗೆ ಬಹುದೊಡ್ಡ ತಿರುವು.

ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ 1938ರಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿ ಹಳಕಟ್ಟಿಯವರ ಕೆಲಸವನ್ನು ಮುಂದುವರಿಸಿದರು. ಅವರು ಪ್ರಧಾನ ಸಂಪಾದಕರಾಗಿದ್ದ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳನ್ನು 1993ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಕ್ಕಿ ಕೊಂದರು.